ಇಪ್ಪತ್ತನೆಯ ಜಾಗ

ಮಹಾಬೂಬಿ, ನಿನ್ನ ಕೆಲಸ ಹೋದದ್ದು ನನ್ನಿಂದ. ನೀನು ತಡವಾಗಿ ಬರುತ್ತೀ ಎಂದು ಸಾಹೇಬರಿಗೆ ಹೇಳಿದವನು ನಾನು. ನೀನು ಒಂದು ದಿನವೂ ತಡ ಮಾಡಿರಲಿಲ್ಲ.

ಮೂರನೆಯ ಇಯತ್ತೆ ಕಲಿತವನ ಕೈಬರಹ ಇದು, ಸುಧಾರಿಸಿಕೊಂಡು ಓದು. ಕಲಬುರಗಿಯ ಆ ಆಫೀಸನ್ನು ನೀನು ಮರೆತಿರಲಾರೆ — ಹಳೆಯ ದಾಖಲೆಗಳ ಚಿತ್ರ ನೋಡಿ ಟೈಪು ಮಾಡುವ ಆಫೀಸು. ಚಿತ್ರಗಳೆಲ್ಲ ಸಾಹೇಬರ ಕೋಣೆಯ ಒಂದೇ ಕಂಪ್ಯೂಟರಿನ ಫೋಲ್ಡರಿನಲ್ಲಿ. ನೀವೆಲ್ಲ ನಿಮ್ಮ ನಿಮ್ಮ ಕಂಪ್ಯೂಟರಿನಿಂದ ಅದನ್ನು ತೆರೆಯಬೇಕು. ನೀವು ಇಪ್ಪತ್ತೊಂದು ಮಂದಿ. ಅದು ಒಳಗೆ ಬಿಡುತ್ತಿದ್ದುದು ಇಪ್ಪತ್ತೇ ಮಂದಿಯನ್ನು. ಇದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಕಸ ಹೊಡೆಯುತ್ತ, ಚಹಾ ಕೊಡುತ್ತ ಓಡಾಡುವ ನನಗೆ ಮಾತ್ರ ತಿಳಿದಿತ್ತು — ಕೊನೆಗೆ ಬಂದವರಿಗೆ ತೆರೆಯುವುದಿಲ್ಲ.

ಕೊನೆಗೆ ಬರುತ್ತಿದ್ದವಳು ನನ್ನ ಮೊಮ್ಮಗಳು ಭಾಗ್ಯ. ಕಾಲೇಜು ಮುಗಿಸಿ ಹನ್ನೊಂದಕ್ಕೆ. ಆ ಕೆಲಸ ಹೋದರೆ ಅವಳ ಓದು — ಬೇಡ, ಅದು ನೆಪವಾಗುತ್ತದೆ. ಮಾಡಿದ್ದನ್ನಷ್ಟೇ ಹೇಳುತ್ತೇನೆ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುವವನು ನಾನು. ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಅವಳ ಕಂಪ್ಯೂಟರ್ ಚಾಲೂ ಮಾಡಿ ಆ ಫೋಲ್ಡರ್ ತೆರೆದಿಡುತ್ತಿದ್ದೆ. ಮೇಜು ಒರೆಸುತ್ತ ಆಗಾಗ ಒಂದೊಂದು ಚಿತ್ರ ಒತ್ತುತ್ತಿದ್ದೆ, ಸುಮ್ಮನೆ ಬಿಟ್ಟರೆ ತಾನೇ ಮುಚ್ಚಿಹೋಗುತ್ತಿತ್ತಲ್ಲ. ಭಾಗ್ಯಳಿಗೆ ಇದು ಗೊತ್ತಿರಲಿಲ್ಲ.

ನೀನು ಮಹಾಗಾಂವದಿಂದ ಹತ್ತಕ್ಕೆ ಸರಿಯಾಗಿ ಬರುತ್ತಿದ್ದೆ. ಆಗಲೇ ಹತ್ತೊಂಬತ್ತು ಮಂದಿ ಕೂತಿರುತ್ತಿದ್ದರು. ಇಪ್ಪತ್ತನೆಯ ಜಾಗ ನಿನ್ನದು. ಅದನ್ನು ಒಂದು ಖಾಲಿ ಕುರ್ಚಿ ಹಿಡಿದಿತ್ತು.

"ಕಾಕಾ, ಇವತ್ತೂ ತೆರಿವಲ್ದು ನೋಡ್ರಿ. ನನ್ನ ಮುಖ ಕಂಡ್ರ ಈ ಡಬ್ಬಿಗಿ ಸಿಟ್ಟು ಬರ್ತದೇನೋ," ಎಂದು ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ — ನಾನೂ.

ಯಾರಾದರೂ ಊಟಕ್ಕೆ ಎದ್ದರೆ ಮಾತ್ರ ನಿನಗೆ ಕೆಲಸ. ನಿನ್ನ ಪುಟಗಳು ಕಡಿಮೆಯಾದವು. ಮಧ್ಯಾಹ್ನ ಬರುವ ಸಾಹೇಬರು ಬೀಗ ತೆಗೆಯುವವನನ್ನೇ ಕರೆದು ಕೇಳಿದರು, ಈ ಹುಡುಗಿ ಎಷ್ಟಕ್ಕೆ ಬರುತ್ತಾಳೆಂದು. ನೀನು ಬಾಗಿಲ ಹತ್ತಿರವೇ ನಿಂತಿದ್ದೆ.

"ದಿನಾ ತಡಾನೇ ಬರ್ತಾಳ್ರೀ."

ಸಾಹೇಬರು ಅಲ್ಲೇ ನಿನ್ನನ್ನು ಕೆಲಸದಿಂದ ತೆಗೆದರು. ನೀನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಹೋಗುವಾಗ ನನಗೆ, ನನಗೂ, ಸಲಾಂ ಹೇಳಿ ಹೋದೆ. ಆರು ವರ್ಷ ಆಯಿತು. ಸಂತೆಯಲ್ಲಿ ಯಾರಾದರೂ ಕಾಕಾ ಎಂದು ಕೂಗಿದರೆ ಇಂದಿಗೂ ತಿರುಗಿ ನೋಡಲು ಧೈರ್ಯ ಸಾಲದು.

ನೀನು ಹೋದ ಮೇಲೆ ಇಪ್ಪತ್ತೇ ಮಂದಿ ಉಳಿದಿದ್ದರು. ಈಗ ಆಫೀಸಿಗೆ ಮತ್ತೆ ಹತ್ತು ಮಂದಿ ಬಂದರು, ಮತ್ತೆ ಅದೇ ತೊಂದರೆ. ಕಾರಣ ಹುಡುಕಿದವಳು ನನ್ನ ಭಾಗ್ಯ! ಸಾದಾ ಕಂಪ್ಯೂಟರಿಗೆ ಒಮ್ಮೆಗೆ ಇಪ್ಪತ್ತೇ ಮಂದಿ, ಅದರ ಮಿತಿಯೇ ಅಷ್ಟಂತೆ. ಮೂಲೆಯಲ್ಲಿ ಬಿದ್ದ ಹಳೆಯದೊಂದನ್ನು ತಂದು, ಅಂಥ ಮಿತಿಯಿಲ್ಲದ ಬೇರೆ ವ್ಯವಸ್ಥೆ ಅದಕ್ಕೆ ಹಾಕಿ, ಫೋಲ್ಡರನ್ನು ಅಲ್ಲಿಗೆ ಸಾಗಿಸಿದಳು. ಮೂವತ್ತು ಮಂದಿಯೂ ಒಟ್ಟಿಗೆ ಟೈಪು ಮಾಡಿದರು. ಸಾಹೇಬರು ಅವಳನ್ನೇ ಮೇಲ್ವಿಚಾರಕಿ ಮಾಡಿದರು. ನಾನು ಹಿಗ್ಗಿಬಿಟ್ಟೆ, ಮಹಾಬೂಬಿ. ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನೇ ಹೊತ್ತುಕೊಂಡು ಹೋಗಿ ಹಂಚಿದೆ. ಬಸ್ಸಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಹಂಚುತ್ತಲೇ ಅವಳನ್ನು ಕೇಳಿದೆ, ಎಷ್ಟು ಹೊತ್ತು ಹಿಡಿಯಿತೆಂದು.

"ಅರ್ಧಾ ದಿನ, ಮುತ್ಯಾ. ಯಾರರೆ ಮೊದ್ಲೇ ಹೇಳಿದ್ರ ಅವಾಗೇ ಆಗ್ತಿತ್ತು."

ಅರ್ಧ ದಿನ. ನನಗೆ ಗೊತ್ತಿದ್ದ ಆ ಒಂದು ಮಾತನ್ನು ಅಂದೇ ಸಾಹೇಬರಿಗೆ ಹೇಳಿದ್ದರೆ — ಹೇಳಲಿಲ್ಲ. ಅವಳನ್ನು ನೋಡಿ ಈಗಲೂ ಹಿಗ್ಗುತ್ತೇನೆ, ತಡೆಯಲಾಗುವುದಿಲ್ಲ. ಹಿಗ್ಗಿದಾಗಲೆಲ್ಲ ನೀನು ಬಾಗಿಲ ಹತ್ತಿರ ನಿಂತಿರುತ್ತೀ.

ಈ ಕಾಗದವನ್ನು ಮೊದಲು ಭಾಗ್ಯಳ ಕೈಗೆ ಕೊಡುತ್ತೇನೆ. ಓದಿದ ಮೇಲೆ ನನ್ನನ್ನು ಮುತ್ಯಾ ಎನ್ನುತ್ತಾಳೋ ಇಲ್ಲವೋ. ಆಮೇಲೆ ಸಾಹೇಬರಿಗೆ. ಆಮೇಲೆ ಮಹಾಗಾಂವಕ್ಕೆ ಬರುತ್ತೇನೆ. ತಡ ಮಾಡಿದ್ದಕ್ಕೇ ನಿನ್ನನ್ನು ತೆಗೆದರೆಂದು ನಿಮ್ಮ ಓಣಿಯವರೂ ನಂಬಿದ್ದಾರಂತೆ. ನೀನು ಒಳಗೆ ಕರೆಯಬೇಡ. ಹೊರಗೆ ನಿಂತೇ, ಅವರಿಗೆಲ್ಲ ಕೇಳುವ ಹಾಗೆ ಇದನ್ನು ಓದುತ್ತೇನೆ.