ಬಾರದ ರೈಲಿಗೆ ಕೊಟ್ಟ ವೀಳ್ಯ

ಮೊನ್ನೆ ಮಗಳ ಮನೆಯ ಫ್ರಿಜ್ಜು ಒರೆಸಲು ಹೋದಾಗ ತಳದ ಡಬ್ಬಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಯಾವುದೋ ಪೂಜೆಗೆ ತಂದು ಮರೆತ ವೀಳ್ಯದೆಲೆ. ಗಂಟು ಬಿಚ್ಚಿದ್ದೇ ತಡ, ಘಾಟು ಮೂಗಿಗೆ ಬಡಿಯಿತು... ಎಲೆ ಬೆವರಿ, ಅಂಚು ಕಪ್ಪಾಗಿ, ಇನ್ನೇನು ಕೊಳೆಯಬೇಕು ಅನ್ನುವಾಗ ಒಂದು ವಾಸನೆ ಬರುತ್ತದೆ. ಖಾರವೂ ಹೌದು, ಹಸಿಮಣ್ಣಿನದೂ ಹೌದು. "ಚೆಲ್ಲವ್ವಾ ಅದನ್ನ, ನಾರಾಕತ್ತೈತಿ" ಅಂದಳು ಮಗಳು. ನಾನು ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ನಿಂತಿದ್ದೆ. ಸವಣೂರಿನ ನಮ್ಮ ಪಕ್ಕದ ಮನೆಯ ಕಾಕಾ ನೆನಪಾಗಿದ್ದರು. ಅವರು ನೆನಪಾದಾಗಲೆಲ್ಲ ನನಗೆ ಮೊದಲು ನಾಚಿಕೆಯಾಗುತ್ತದೆ. ಪ್ರೀತಿ ಆಮೇಲೆ ಬರುತ್ತದೆ.

ನಾನು ಹಿರೇಕೆರೂರಿನಿಂದ ಸೊಸೆಯಾಗಿ ಸವಣೂರಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಮಾವನವರದು ಜೋಳ, ಶೇಂಗಾದ ಅಡತಿ ವ್ಯಾಪಾರ. ಕಾಕಾ ನಮ್ಮ ಬಳಗದವರೇನಲ್ಲ. ಎರಡು ಮನೆಗೂ ಒಂದೇ ಗೋಡೆ, ಅಷ್ಟೇ. ಮನೆಯವರೆಲ್ಲ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಅವರ ಹೆಂಡತಿ ಕಾಕೂ. ಊರ ಅಂಚಿಗೆ ಅವರದೊಂದು ಎಲೆಬಳ್ಳಿಯ ತೋಟವಿತ್ತು. ಬೆಳಿಗ್ಗೆ ಅವರ ಕಟ್ಟೆಯ ಮೇಲೆ ಎಲೆಯನ್ನು ಒರೆಸಿ, ಜೋಡಿಸಿ, ಬುಟ್ಟಿಗೆ ತುಂಬಿ, ಮೇಲೆ ನೀರು ಚಿಮುಕಿಸುತ್ತಿದ್ದರು. ಬುಟ್ಟಿಗಳು ಟಾಂಗಾದಲ್ಲಿ ಯಲವಿಗಿ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲು ಹತ್ತುತ್ತಿದ್ದವು.

ನಮ್ಮ ತವರಿನಲ್ಲಿ ಎಲೆ ತಿನ್ನುವುದು ಹಬ್ಬಕ್ಕೊಮ್ಮೆ. ಕಾಕಾ ಕೊಟ್ಟ ಮೊದಲ ಎಲೆಯನ್ನು ನಾನು ತೊಟ್ಟು ಸಮೇತ ಬಾಯಿಗೆ ಹಾಕಿಕೊಂಡುಬಿಟ್ಟೆ. ಅವರು ನಕ್ಕಿದ್ದೇ ನಕ್ಕಿದ್ದು. "ಯವ್ವಾ, ನಿಮ್ಮ ಹಿರೇಕೆರೂರಾಗ ಎಲಿ ತಿಂತೀರೋ, ಮೇಯ್ತೀರೋ?" ಹೊಸ ಸೊಸೆ ನಾನು, ಸಿಟ್ಟು ಬಂದರೂ ನುಂಗಿಕೊಂಡೆ. ಮರುದಿನ ಕಾಕೂ ಗೋಡೆಯ ಮೇಲಿಂದ ಎಳೆ ಎಲೆಯ ಒಂದು ಕಟ್ಟು ದಾಟಿಸಿ, "ನಿನ್ನ ಸಂಬಂಧ ಕೊಯ್ದಾರ, ತಗೋ" ಅಂದರು. ಅಂದಿನಿಂದ ನಮ್ಮ ಮನೆ ಎಲೆಗೆ ಪೇಟೆಗೆ ಹೋಗಲಿಲ್ಲ.

ಎಲೆತೋಟಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಚೊಗಚಿ, ನುಗ್ಗೆ ಗಿಡಗಳಿಗೆ ಬಳ್ಳಿ ಹಬ್ಬಿ, ಒಳಗೆ ಮಧ್ಯಾಹ್ನವೂ ತಂಪು. ಮಾತನ್ನೂ ಅಲ್ಲಿ ಮೆಲ್ಲಗೇ ಆಡಬೇಕೆಂದು ಕಾಕಾನ ಕಟ್ಟಪ್ಪಣೆ. ಬಳ್ಳಿಯನ್ನು ವರ್ಷಕ್ಕೊಮ್ಮೆ ಇಳಿಸುತ್ತಾರೆ. ಗಿಡದಿಂದ ಬಿಡಿಸಿ, ಬುಡದಲ್ಲಿ ಸುರುಳಿ ಸುತ್ತಿ, ಮಣ್ಣು ಗೊಬ್ಬರ ಮುಚ್ಚಿ, ತುದಿ ಮಾತ್ರ ಮೇಲೆ ಬಿಟ್ಟು ಮತ್ತೆ ಕಟ್ಟುತ್ತಾರೆ. ಹಂಗಾಮಿನಲ್ಲಿ ಇಳಿಸಿದರೆ ಬಳ್ಳಿಗೆ ಮತ್ತೆ ಎಳೆಪ್ರಾಯ. ಇಳಿಸದೆ ಬಿಟ್ಟರೆ ಎಲೆ ಸಣ್ಣದಾಗಿ, ಬಳ್ಳಿ ಸೊರಗಿಹೋಗುತ್ತದೆ.

ಹೀಗಿರುವಾಗ ರೈಲಿನ ಸುದ್ದಿ ಬಂತು. ಯಲವಿಗಿಯಿಂದ ಒಂದು ಕವಲು ಲೈನು ಸವಣೂರಿಗೆ, ಅಲ್ಲಿಂದ ಶಿಗ್ಗಾಂವ ಮುಟ್ಟಿ ಹಾನಗಲ್ಲಿಗೆ. ಸರ್ವೆಯವರು ಕೆಂಪು ಬಿಳಿ ಕೋಲು ಹಿಡಿದು ಬಂದರು. ಅವರು ಇನ್ನೂ ಕೋಲು ನೆಡುತ್ತಿರುವಾಗಲೇ ನಮ್ಮ ಮಾವನವರು ರೈಲ್ವೆ ಸಮಿತಿ ಕಟ್ಟಿ, ತಾವೇ ಅಧ್ಯಕ್ಷರಾದರು. ಅಷ್ಟಕ್ಕೇ ಬಿಡಲಿಲ್ಲ. ಹೊಸದಾಗಿ ಕಟ್ಟಿಸುತ್ತಿದ್ದ ಗೋದಾಮಿಗೆ ರಸ್ತೆಯ ಕಡೆ ಬಾಗಿಲು ಇಡಿಸದೆ, ಸ್ಟೇಷನ್ನು ಬರಲಿರುವ ಕಡೆ ಇಡಿಸಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ನಮ್ಮವರು ಕುಲಾವಿಗೆ ಬಾಗಿಲನ್ನೂ ಇಟ್ಟರು. ಹಮಾಲರು ಮೂಟೆ ಹೊತ್ತು ಗೋದಾಮನ್ನು ಸುತ್ತು ಹಾಕಿ ಒಳಗೆ ಹೋಗುವಾಗ ಏನೇನು ಬೈದುಕೊಂಡಿದ್ದರೋ!

ಸ್ಟೇಷನ್ನಿನ ಜಾಗ ಎಂದು ಗುರುತು ಬಿದ್ದದ್ದು ಕಾಕಾನ ತೋಟದ ಮೇಲೆ. ಸರ್ವೆಯ ಸಾಹೇಬರು ಬೂಟು ಹಾಕಿಕೊಂಡೇ ಒಳಗೆ ಕಾಲಿಡಲು ಹೋದಾಗ ಕಾಕಾ ಎರಡೂ ಕೈ ಚಾಚಿ ಅಡ್ಡ ನಿಂತರಂತೆ. "ರೈಲು ಬೇಕಾದ್ರ ತರ್ರಿ ಸಾಹೇಬ್ರ, ಬೂಟು ಮಾತ್ರ ಬ್ಯಾಡ್ರಿ." ಸಾಹೇಬರು ನಗುತ್ತ ಬೂಟು ಕಳಚಿ, ಪ್ಯಾಂಟು ಮಡಚಿಕೊಂಡು ಹೋಗಿ, ತೋಟದ ನಡುವೆ ಒಂದು ಕಲ್ಲು ನೆಡಿಸಿ ಬಂದರು.

ಲೈನಿಗೆ ಹೊಲ ಹೋಗುವವರು ತಕರಾರು ತೆಗೆದರೆ ಲೈನು ಬೇರೆ ಕಡೆ ತಿರುಗುತ್ತದೆ ಎಂದು ಯಾರೋ ಮಾವನವರ ಕಿವಿ ಊದಿದ್ದರು. ಅದಕ್ಕೆ ನಮ್ಮ ಪಡಸಾಲೆಯಲ್ಲಿ ಬೈಠಕ್ ಸೇರಿತು. ನಮ್ಮ ಕಡೆ ದೊಡ್ಡ ಮಾತಿಗೆಲ್ಲ ಎಲೆ ಅಡಿಕೆಯೇ ಸಾಕ್ಷಿ. ಹೆಣ್ಣು ಕೊಡುವುದಿರಲಿ, ಪಾಲು ಮುಗಿಸುವುದಿರಲಿ, ವೀಳ್ಯ ಹಿಡಿದು ಮಾತು ಕೊಟ್ಟರೆ ಮುಗಿಯಿತು. ಆ ಮಾತು ಬಿಡಿಸಬೇಕಾದರೆ ವೀಳ್ಯ ಕೊಟ್ಟವರೇ ಬಂದು, ಎದುರಿಗೆ ಕುಳಿತು, ಬೇರೆ ವೀಳ್ಯ ಇಟ್ಟು, "ನಿಮ್ಮ ಮಾತು ನಿಮಗ ಬಿಟ್ಟೇನಿ" ಅನ್ನಬೇಕು. ಹಿಡಿದವರು ತಾವಾಗಿ ಕೇಳುವಂತಿಲ್ಲ. ಅಂದು ನಡುಮನೆಯಿಂದ ಎಲೆ ಅಡಿಕೆಯ ತಬಕು ತಂದಿಟ್ಟವಳು ನಾನೇ. ಅದರಲ್ಲಿದ್ದ ಎಲೆ ಕಾಕಾನ ತೋಟದ್ದೇ.

ಜೋಳ, ಹತ್ತಿಯ ಹೊಲದವರು ರೈಲಿಗೆ ಹೊಲ ಬಿಡುತ್ತೇವೆಂದು ಬೇಗ ಬೇಗ ವೀಳ್ಯ ಎತ್ತಿಕೊಂಡರು. ಕಾಕಾ ಸ್ವಲ್ಪ ತಡೆದರು.

"ಸಾವಕಾರ್ರ, ಖರೇನ ಬರತೈತೇನ್ರಿ ರೈಲು?"

"ನನ್ನ ಮ್ಯಾಲ ನಂಬಿಗಿ ಇಲ್ಲೇನೋ ತಮ್ಮಾ?" ಅಂದರು ಮಾವನವರು.

ಕಾಕಾ ವೀಳ್ಯ ಎತ್ತಿ ಕಣ್ಣಿಗೊತ್ತಿಕೊಂಡರು. ಮರುವರ್ಷ ಬಳ್ಳಿ ಇಳಿಸುವ ಹಂಗಾಮು ಹತ್ತಿರ ಬಂದರೂ ಆಳುಗಳಿಗೆ ಹೇಳಿ ಕಳಿಸಲಿಲ್ಲ. ಜೋಳದ ಹೊಲದವರೆಲ್ಲ ಎಂದಿನಂತೆ ಬಿತ್ತುತ್ತಿದ್ದರು; ರೈಲು ಬಂದ ದಿನ ಕಿತ್ತರಾಯಿತು ಅನ್ನುವ ಲೆಕ್ಕ. "ಕಾಕಾ, ನೀವೂ ಇಳಸಬಾರದ?" ಎಂದು ನಾನು ಗೋಡೆಯ ಮೇಲಿಂದ ಕೇಳಿದೆ.

"ಕೊಟ್ಟ ಮಗಳನ್ನ ಮತ್ತೊಂದು ವರಕ್ಕ ತೋರಸ್ತಾರೇನವಾ? ತೋಟ ಈಗ ರೈಲಿಂದು. ಇಳಿಸಿದ್ರ ನಾ ಮಾತಿಗೆ ತಪ್ಪಿದಂಗ."

ಆ ಹಂಗಾಮು ಇನ್ನೂ ಮುಗಿದಿರಲಿಲ್ಲ. ಒಂದು ದಿನ ಹುಬ್ಬಳ್ಳಿಗೆ ಹೋಗಿದ್ದ ಮಾವನವರು ಮಧ್ಯಾಹ್ನಕ್ಕೇ ತಿರುಗಿ ಬಂದರು. ಊಟಕ್ಕೆ ಕುಳಿತರು, ರೊಟ್ಟಿ ಮುರಿಯಲಿಲ್ಲ. ನಾನು ಪಲ್ಯ ಬಡಿಸುತ್ತಿದ್ದೆ. "ಲೈನ್ ಕೈಬಿಟ್ಟಾರಂತ" ಅಂದರು ಅತ್ತೆಯವರಿಗೆ. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಮಂದಿ ಮಾರಿ ಮ್ಯಾಲ ನಗತಾರ."

"ಬಾಜೂ ಮನಿಯವರಿಗರ ಹೇಳ್ರಿ. ಬಳ್ಳಿ ಇಳಸೂ ಹೊತ್ತು ಹೊಂಟೈತಿ" ಅಂದರು ಅತ್ತೆ.

"ಹೇಳತೇನಿ. ನಾಳೆ ಹೇಳತೇನಿ."

ಆ ನಾಳೆ ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಮಾವನವರಿಗೆ ಅದು ಬಾಯಲ್ಲಿನ ಬಿಸಿತುಪ್ಪ. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಇವತ್ತು ಇಷ್ಟು ಸಂಕಟ ಇರುತ್ತಿರಲಿಲ್ಲ, ಬೈದು ಹಗುರಾಗುತ್ತಿದ್ದೆ. ಸಮಿತಿಯ ಅಧ್ಯಕ್ಷರೆಂದು ಊರೆಲ್ಲ ಹಾರ ಹಾಕಿಸಿಕೊಂಡು, ಈಗ ಒಬ್ಬೊಬ್ಬರ ಮುಂದೆಯೂ ರೈಲಿಲ್ಲ ಅನ್ನುವುದು ಅವರಿಂದ ಆಗಲಿಲ್ಲ. ನಮ್ಮ ಯಜಮಾನರು ಅಪ್ಪನ ಎದುರು ಕೆಮ್ಮುವವರೂ ಅಲ್ಲ. ಅತ್ತೆ ಒಮ್ಮೆ ಅಂದು ಸುಮ್ಮನಾದರು. ನಾನಂತೂ ಸೊಸೆ.

ಕೊನೆಗೊಂದು ಸಂಜೆ ಮಾವನವರು ಕೋಟಿನ ಜೇಬಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕಾಕಾನ ಮನೆಗೆ ಹೊರಟರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಒಗೆದ ಬಟ್ಟೆ ತೆಗೆಯುವ ನೆವದಲ್ಲಿ ಗೋಡೆಯ ಹತ್ತಿರವೇ ನಿಂತೆ. ಕಾಕಾ ಓಡಿಬಂದು ಜಮಖಾನ ಹಾಸಿದರು. ಚಹಾ ಬಂತು. ಮಳೆಯ ಮಾತಾಯಿತು, ಶೇಂಗಾದ ಧಾರಣೆಯ ಮಾತಾಯಿತು, ಶಿಗ್ಗಾಂವದ ಯಾರದೋ ಮದುವೆಯ ಮಾತಾಯಿತು. ಆಮೇಲೆ ಮಾತು ತೀರಿತು.

"ಮತ್ತೇನರ ಹೇಳೂದಿತ್ತೇನ್ರಿ ಸಾವಕಾರ್ರ?" ಅಂದರು ಕಾಕಾ, ಮೆಲ್ಲಗೆ, ತೋಟದಲ್ಲಿ ಮಾತಾಡುವ ದನಿಯಲ್ಲಿ.

"ಏನಿಲ್ಲೋ. ಹಿಂಗ ಕುಂದರಾಕ ಬಂದಿದ್ದೆ."

ಮಾವನವರು ಎದ್ದು ಬಂದರು. ಮರುದಿನ ಕೋಟು ಒಗೆಯಲು ತೆಗೆದಾಗ ಜೇಬಿನಲ್ಲಿ ಎಲೆ ಹಾಗೇ ಇತ್ತು. ನಾನದನ್ನು ಒಲೆಗೆ ಹಾಕಿದೆ.

ಹಂಗಾಮು ದಾಟಿತು. ಮೊದಲು ಎಲೆ ಸಣ್ಣದಾಯಿತು, ಆಮೇಲೆ ಹಳದಿ ತಿರುಗಿತು. ಮರುವರ್ಷ ಬಳ್ಳಿ ಬುಡದಿಂದಲೇ ಒಣಗುತ್ತ ಬಂತು. ಅಷ್ಟರಲ್ಲಿ ಲೈನು ಬಿಟ್ಟುಹೋದ ಸುದ್ದಿ ಯಾರೂ ಹೇಳದೆಯೇ ಊರಿಗೆಲ್ಲ ತಿಳಿದಿತ್ತು. ಮಾವನವರನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಆ ನಗು ಕಾಕಾನ ಪಾಲಿಗೆ ಬಂತು. "ಏನ್ರಿ ಸ್ಟೇಷನ್ ಮಾಸ್ತರ, ಗಾಡಿ ಎಷ್ಟು ಲೇಟು?" ಎಂದು ಪೇಟೆಯಲ್ಲಿ ಕೂಗುತ್ತಿದ್ದರು. ಕಾಕಾ ತಲೆ ತಗ್ಗಿಸಿ ತಾವೂ ನಕ್ಕಂತೆ ಮಾಡಿ ಸಾಗುತ್ತಿದ್ದರು. ಮೋಸಹೋದವರು ಅವರು, ನಾಚಿದವರೂ ಅವರೇ. ನಮ್ಮ ಅಡತಿ ಅಂಗಡಿಯ ಮುಂದೆಯೇ ಈ ಕೂಗು ಕೇಳಿದಾಗಲೂ ಒಳಗೆ ಕುಳಿತ ನಮ್ಮವರೊಬ್ಬರೂ "ಸುಮ್ಮನಿರ್ರೋ" ಅನ್ನಲಿಲ್ಲ. ಒಂದು ದಿನ ಸಂತೆಯಲ್ಲಿ ಕಾಕಾ ತಮ್ಮ ಬಾಯಿಗೆಂದು ಯಾರದೋ ಬುಟ್ಟಿಯಿಂದ ಎಲೆ ಕೊಳ್ಳುತ್ತಿದ್ದುದನ್ನು ಕಂಡೆ. ನನ್ನನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು... ನಾನೂ ಕಾಣದವಳಂತೆ ಬಳೆಗಾರರ ಕಡೆ ತಿರುಗಿದೆ.

ಎಂಬತ್ತರ ದಶಕದಲ್ಲಿ ಮಾವನವರು ತೀರಿಕೊಂಡರು. ಅವರ ಹಿಂದೆಯೇ ಕಾಕಾ. ಕಾಕಾನ ದಿನಕರ್ಮಗಳೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಕಾಕೂ ಗೋಡೆಯ ಆಚೆ ನಿಂತು ನನ್ನನ್ನು ಕರೆದರು.

"ನಮ್ಮ ಮಗಳಿಗೂ ಹೇಳಿಲ್ಲ, ನಿನಗ ಹೇಳತೇನಿ. ಲೈನ್ ಹೋಗಿದ್ದು ನಮ್ಮವರಿಗೆ ಆಗಲೇ ಗೊತ್ತಿತ್ತವಾ. ಎಲಿ ಏರಸಾಕ ಹೋದಾಗ ಯಲವಿಗಿ ಟೇಷನ್ನ್ಯಾಗ ಹೇಳಿದ್ರಂತ. ನಿಮ್ಮ ಮಾವ ಬಂದು ಕುಂತ್ರಲ್ಲ, ಆ ಸಂಜಿ ಅವರು ಬರೂದು ಕಂಡ ಕೂಡಲೆ ಆಳುಗಳಿಗೂ ಹೇಳಿ ಕಳಸಿದ್ರು, ಮುಂಜಾನೆ ಬರ್ರಿ, ಬಳ್ಳಿ ಇಳಸೂಣು ಅಂತ. ಮಾತು ಬಿಡತಾರ ಅಂತ ದಾರಿ ಕಾದ್ರು."

"ಕಾಕಾ ಆದ್ರೂ ಬಾಯಿಬಿಟ್ಟು ಕೇಳಬೇಕಿತ್ತಲ್ರಿ?"

"ನಾನೂ ಅದನ್ನ ಅಂದೆ. 'ನಾ ಕೇಳಿದ್ರ ಸಾವಕಾರ್ರು ಮಾರಿ ಎಲ್ಲಿ ಇಟಗೋಬೇಕು' ಅಂದ್ರು."

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. "ಒಂದಿಷ್ಟು ಸಾರು ಕೊಡ್ಲೇನ್ರಿ?" ಅಂದೆ. ಕಾಕೂ ನನ್ನ ಮುಖವನ್ನೇ ನೋಡಿ, "ಕೊಡು" ಅಂದರು.

ಈಗ ಕಾಕೂ ಇಲ್ಲ. ತೋಟದ ಜಾಗದಲ್ಲಿ ಮನೆಗಳೆದ್ದಿವೆ, ಅಲ್ಲಿ ಜನ ಚಪ್ಪಲಿ ಮೆಟ್ಟಿಯೇ ಓಡಾಡುತ್ತಾರೆ; ತಪ್ಪೇನಿಲ್ಲ, ಅವರಿಗೇನು ಗೊತ್ತು. ಮಗಳ ಮನೆಯಿಂದ ಊರಿಗೆ ಮರಳುವಾಗ ಶಿಗ್ಗಾಂವದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಕಾಕಾನ ಮಗಳು ಸಿಕ್ಕಳು. ಅವಳಿಗೂ ತಲೆ ನೆರೆತಿದೆ. ಫ್ರಿಜ್ಜಿನ ಆ ಘಾಟು ಇನ್ನೂ ನನ್ನ ತಲೆಯಲ್ಲಿತ್ತು. ಇವತ್ತು ಹೇಳಿಯೇಬಿಡಬೇಕು ಎಂದು ಅವಳ ಕೈ ಹಿಡಿದುಕೊಂಡೆ.

"ನಿಮ್ಮಪ್ಪನ ತೋಟ..." ಅಂದೆ.

"ಅಯ್ಯ, ಹೋಗ್ಲಿ ಬಿಡ್ರಿ ವೈನಿ. ನಿಮ್ಮ ಮಾವನವರರ ಏನು ಮಾಡತಾರ? ಅವರಿಗೆ ಮೊದಲ ಗೊತ್ತಾಗಿದ್ರ ಓಡಿಬಂದು ಹೇಳತಿದ್ರು ಅಂತ ಅಪ್ಪ ಸಾಯೂತನಾ ಹೇಳತಿದ್ದ."

ನಾನು ಹೌದೆನ್ನುವಂತೆ ತಲೆ ಆಡಿಸಿದೆ. ಸವಣೂರಿನ ಬಸ್ಸು ಬಂತು, ಹತ್ತಿ ಕುಳಿತೆ. ಸತ್ತವರ ಮರ್ಯಾದೆ ಕಳೆಯಬಾರದೆಂದು ಸುಮ್ಮನಾದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೇಳಲು ನಾಚಿಕೆಯಾಯಿತು, ಅಷ್ಟೇ.