ರುಖ್ಸಾರ್ ಮಿಸ್ ವಾಪಸು ತೆಗೆದುಕೊಂಡ ಮಾತು

ಗಂಗಾನಗರದ ಹಿಂಬದಿಯ ಓಣಿಗಳಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಗಂಡಸರು ಚಹಾದಂಗಡಿಯ ಮುಂದೆ ನಿಂತು ಲೋಟ ಊದುತ್ತಿದ್ದಾರೆ. ಬುರ್ಖಾದ ಮೇಲೊಂದು ಹಳೆಯ ಸ್ವೆಟರು ಹಾಕಿಕೊಂಡ ರುಖ್ಸಾರ್ ಮಿಸ್ ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತಿದ್ದಾರೆ. ಒಂದು ಮನೆಯಲ್ಲಿ ಹುಡುಗನ ಕಂಬಳಿ ಎಳೆಯುತ್ತಾರೆ, ಇನ್ನೊಂದರಲ್ಲಿ ಜಡೆ ಹಾಕಲು ತಾಯಿಗೆ ನೆನಪಿಸುತ್ತಾರೆ. ಅಪ್ಪ ಅಮ್ಮ ಕೆಲಸಕ್ಕೆ ಹೊರಟರೆ ಮಕ್ಕಳು ಮತ್ತೆ ಮುಸುಕೆಳೆದು ಮಲಗುತ್ತವೆ, ಅಲ್ಲಿಗೆ ಆ ದಿನದ ಶಾಲೆ ಮುಗಿದ ಹಾಗೆ. ಆದ್ದರಿಂದ ದೊಡ್ಡವರು ಮನೆಯಲ್ಲಿರುವಾಗಲೇ ಹೋಗಿ ಹಿಡಿಯಬೇಕು.

ಓಣಿಯ ಜನಕ್ಕೆ ಈ ಟೀಚರಮ್ಮನ ಮೇಲೆ ಬಹಳ ಅಭಿಮಾನ. ಮನೆಮನೆಗೆ ಬಂದು ಮಕ್ಕಳನ್ನು ಎಬ್ಬಿಸುವ ಟೀಚರು ಯಾವ ಕಾನ್ವೆಂಟಿನಲ್ಲಿದ್ದಾರೆ ಎಂದು ಚಹಾದಂಗಡಿಯ ನಜೀರ್ ಕೇಳುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ರುಖ್ಸಾರ್ ನಡಿಗೆ ಚುರುಕು ಮಾಡುತ್ತಾರೆ. ಹೊಗಳಿಕೆ ಕೇಳಿ ಹೀಗೆ ತಲೆ ತಗ್ಗಿಸುವವರನ್ನು ನಾವು ಸಂಕೋಚದ ಸ್ವಭಾವ ಎಂದು ಬರೆದು ಮುಗಿಸುತ್ತೇವೆ. ಇಲ್ಲಿ ಸಂಗತಿ ಬೇರೆ. ಓಣಿಯ ಕೊನೆಯ ಮನೆಗೆ ಬಂದಾಗ ಅವರು ಬಾಗಿಲು ಬಡಿಯುವುದಿಲ್ಲ, ಕರೆಯುವುದೂ ಇಲ್ಲ. ಎದುರಿನ ಗೋಡೆಗೆ ಒರಗಿ ಸುಮ್ಮನೆ ನಿಲ್ಲುತ್ತಾರೆ. ಆ ಮನೆಯ ಎಂಟು ವರ್ಷದ ತಸ್ನೀಮ್ ಶಾಲೆ ಬಿಟ್ಟು ಎರಡು ವಾರವಾಗುತ್ತಾ ಬಂತು. ಬಿಡಿಸಿದ್ದು ಬಡತನವೂ ಅಲ್ಲ, ಕಾಯಿಲೆಯೂ ಅಲ್ಲ. ರುಖ್ಸಾರ್ ಮಿಸ್ ಆಡಿದ ಒಂದು ಮಾತು.

ಅವರು ಇಲ್ಲಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಉಪಚಾರ ಮಾತ್ರ ಯಾರೂ ಮಾಡುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಕೆಲಸ ನಿಂತು, ಮತ್ತೆ ಕರೆ ಬರುವ ತನಕ ಕಾಯಬೇಕು. ಒಂದರಿಂದ ಮೂರನೇ ತರಗತಿಯ ಮೂವತ್ತಕ್ಕೂ ಹೆಚ್ಚು ಮಕ್ಕಳು ಒಂದೇ ಕೋಣೆಯಲ್ಲಿ ಅವರ ಕೈಕೆಳಗಿದ್ದಾರೆ. ಮುಕ್ಕಾಲು ಪಾಲು ಮಕ್ಕಳ ಮನೆಮಾತು ದಖನಿ ಉರ್ದು, ಉಳಿದವರು ಉತ್ತರ ಕರ್ನಾಟಕದಿಂದ ಕೆಲಸ ಹುಡುಕಿ ಬಂದವರ ಮಕ್ಕಳು. ರುಖ್ಸಾರ್ ಅವರ ಮನೆಮಾತೂ ದಖನಿಯೇ. ತಂದೆ ತಾಜುದ್ದೀನ್ ಹೆಬ್ಬಾಳದ ಶೆಡ್ಡೊಂದರಲ್ಲಿ ಬಸ್ಸಿನ ಸೀಟು ಹೊಲಿಯುತ್ತಿದ್ದವರು. ಹತ್ತಿರವಿದ್ದದ್ದು ಕನ್ನಡ ಶಾಲೆ ಎಂದು ಮಗಳನ್ನು ಅಲ್ಲಿಗೆ ಸೇರಿಸಿದರು.

ಅಲ್ಲಿದ್ದ ಮುನಿಆಂಜಿನಪ್ಪ ಮೇಷ್ಟ್ರು ಉರ್ದುವಿನಲ್ಲಿ ಒಂದು ಮಾತಾಡಿದರೂ ಬಾಗಿಲಾಚೆ ನಿಲ್ಲಿಸುತ್ತಿದ್ದರಂತೆ. ನಿಂತು ನಿಂತು ಹುಡುಗಿ ಕನ್ನಡ ಕಲಿತಳು, ಎಲ್ಲರಿಗಿಂತ ಚೆನ್ನಾಗಿಯೇ ಕಲಿತಳು. ಇಂದಿಗೂ ಫೋನಿನಲ್ಲಿ ಅವರ ಕನ್ನಡ ಕೇಳಿದವರು ಆಮೇಲೆ ಹೆಸರು ಕೇಳಿ ಒಂದು ಕ್ಷಣ ತಡವರಿಸುತ್ತಾರೆ. ಅದನ್ನು ಅವರು ಬಹಳ ವರ್ಷ ಪದಕದ ಹಾಗೆ ಎದೆಗೆ ಚುಚ್ಚಿಕೊಂಡಿದ್ದರು. ಶಾಲೆಯಲ್ಲಿ ತಾಯಿಯ ಫೋನು ಬಂದರೆ ಎದ್ದು ಕಾರಿಡಾರಿನ ತುದಿಗೆ ಹೋಗುತ್ತಿದ್ದರು, ದಖನಿ ಮಾತು ಸ್ಟಾಫ್ ರೂಮಿಗೆ ಕೇಳಬಾರದೆಂದು. ಮಕ್ಕಳ ಅಪ್ಪ ಅಮ್ಮಂದಿರು ದಖನಿಯಲ್ಲಿ ಕೇಳಿದರೂ ಕನ್ನಡದಲ್ಲೇ ಉತ್ತರಿಸುತ್ತಿದ್ದರು. ಹೆತ್ತ ತಾಯಿಯ ಮಾತಿಗೆ ನಾಚುತ್ತಿದ್ದೆ ಎಂದು ಹೇಳುವಾಗ ಅವರು ನಮ್ಮ ಮುಖ ನೋಡುವುದಿಲ್ಲ.

ಟೀಚರಾದ ಮೇಲೆ ಅವರು ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಲಿಲ್ಲ, ಅಷ್ಟು ಕಠಿಣ ಮನಸ್ಸು ಅವರದಲ್ಲ. ಅದರ ಬದಲು ಒಂದು ಆಟ ಕಟ್ಟಿದರು. ಮಗು ದಖನಿಯಲ್ಲಿ ಏನಾದರೂ ಕೇಳಿದರೆ ಕಿವಿಗೆ ಕೈ ಇಟ್ಟು, ಕಿವುಡಿಯಂತೆ ಮುಖ ಮಾಡಿ, “ಕನ್ನಡದಲ್ಲಿ ಹೇಳಿದರೆ ಮಾತ್ರ ನನಗೆ ಕೇಳಿಸುತ್ತದೆ” ಎನ್ನುವುದು. ಮಕ್ಕಳು ಗೊಳ್ಳೆಂದು ನಗುತ್ತಿದ್ದವು, ತಡಬಡಿಸಿ ಕನ್ನಡದಲ್ಲಿ ಹೇಳುತ್ತಿದ್ದವು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರಿದ ಸಭೆಯೊಂದರಲ್ಲಿ ಅದನ್ನು ಮಾಡಿ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದರು. ತನ್ನ ಹಾದಿಯೇ ಎಲ್ಲರ ಹಾದಿ ಎಂಬ ನಂಬಿಕೆ ಟೀಚರಿಗೆ ಬಂದರೆ ಅದನ್ನು ಅಲುಗಾಡಿಸುವುದು ಬ್ರಹ್ಮನಿಂದಲೂ ಆಗದು.

ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಆ ಗುಂಪಿಗೆ ತಟ್ಟೆ ಎಂದು ಹೆಸರು. ಟೀಚರಿನ ಪೂರ್ತಿ ಸಹಾಯ ಬೇಕಾದವರು ಮೊದಲ ತಟ್ಟೆ, ತಾವೇ ಕಲಿಯುವವರು ಕೊನೆಯ ತಟ್ಟೆ. ಚಟುವಟಿಕೆ ಬದಲಾದಂತೆ ಮಗು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರಬೇಕು, ಪದ್ಧತಿಯ ಜೀವವೇ ಅದು. ತಸ್ನೀಮ್ ಮಾತ್ರ ಸೇರಿದಾಗಿನಿಂದ ಮೊದಲ ತಟ್ಟೆಯಲ್ಲೇ ಇದ್ದಳು. ಕೇಳಿದ್ದಕ್ಕೆ ಉತ್ತರವಿಲ್ಲ, ಪಾಠದ ಕಾರ್ಡು ತೋರಿಸಿದರೆ ಕಣ್ಣು ನೆಲದ ಮೇಲೆ. ಮೂರನೇ ತರಗತಿಗೆ ಬಂದರೂ ಒಂದನೇ ತರಗತಿಯ ಚಿಳ್ಳೆಪಿಳ್ಳೆಗಳ ನಡುವೆ ಒಂದು ತಲೆ ಎತ್ತರಕ್ಕೆ ಕಾಣುತ್ತಾ ಕೂರುತ್ತಿದ್ದಳು. ಮಕ್ಕಳು ಅದಕ್ಕೆ ದಡ್ಡರ ತಟ್ಟೆ ಎಂದು ಹೆಸರಿಟ್ಟಿದ್ದರು, ಮಿಸ್ ಗದರಿಸಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಪೋಷಕರ ಸಭೆ ನಡೆಯಿತು. ತಸ್ನೀಮಳ ತಂದೆ ಮುಬೀನ್ ಕಾರಿನ ಗಾಜು ಕೂರಿಸುವ ಕೆಲಸಕ್ಕೆ ರಜೆ ಹಾಕಿ ಬಂದಿದ್ದರು, ಪಕ್ಕದಲ್ಲಿ ಅವರ ತಾಯಿ ಬದರುನ್ನೀಸಾ, ಮಡಿಲಲ್ಲಿ ತಸ್ನೀಮ್. ಮಗಳು ಹೇಗೆ ಓದುತ್ತಾಳೆ ಎಂದು ಮುಬೀನ್ ಕೇಳಿದರು. ರುಖ್ಸಾರ್ ಅವರಿಗೆ ಆ ಹೊತ್ತಿಗೆ ಸಾಕುಬೇಕಾಗಿತ್ತು. ಇಡೀ ಕೋಣೆಗೆ ಕೇಳುವಂತೆ, ತಮ್ಮ ಶುದ್ಧ ಕನ್ನಡದಲ್ಲಿ ಹೇಳಿದರು: “ನಾನು ಎಷ್ಟು ಮಾಡಿದರೂ ಅಷ್ಟೇ. ಇವಳ ತಲೆಗೆ ವಿದ್ಯೆ ಹತ್ತುವುದಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ತಸ್ನೀಮ್ ಬರಲಿಲ್ಲ. ಮುಬೀನ್ ಜಗಳವಾಡಲಿಲ್ಲ, ದೂರನ್ನೂ ಕೊಡಲಿಲ್ಲ. ಓದಿದವರು ಹೇಳಿದ ಮೇಲೆ ಇನ್ನೇನು ಎಂದುಕೊಂಡರು. ಮಗಳು ಅಜ್ಜಿಯ ಜೊತೆ ಮನೆಯಲ್ಲಿರಲಿ, ಸ್ವಲ್ಪ ದೊಡ್ಡವಳಾದ ಮೇಲೆ ಹೊಲಿಗೆಗೆ ಹಾಕೋಣ ಎಂದು ತೀರ್ಮಾನಿಸಿಬಿಟ್ಟರು. ಒಂದು ವಾರ ಕಳೆದು ರುಖ್ಸಾರ್ ಆ ಮನೆಗೆ ಹೊರಟಾಗಲೂ ಅವರ ಮನಸ್ಸಿನಲ್ಲಿದ್ದದ್ದು ಹಾಜರಿಯ ಚಿಂತೆಯೇ. ಹಾಗೆಂದು ಅವರೇ ಹೇಳುತ್ತಾರೆ, ಇದನ್ನೂ ಬರೆಯಿರಿ ಎನ್ನುತ್ತಾರೆ.

ಆ ಬೆಳಿಗ್ಗೆ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ತಮ್ಮದೇ ದನಿ ಕೇಳಿ ರುಖ್ಸಾರ್ ಹೊಸ್ತಿಲಾಚೆಯೇ ನಿಂತರು. ತಸ್ನೀಮ್ ಮನೆಯವರ ಚಪ್ಪಲಿಗಳನ್ನೆಲ್ಲ ಗುಂಪುಗುಂಪಾಗಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದಳು. ಮಕ್ಕಳೇ ಬೆನ್ನು ನೇರ ಮಾಡಿ ಕುಳಿತುಕೊಳ್ಳಿ ಎನ್ನುತ್ತಿದ್ದಳು. ಒಂದಕ್ಷರ ತಪ್ಪಿಲ್ಲದ ಕನ್ನಡ, ಮಿಸ್ಸಿನದೇ ಏರಿಳಿತ. ಹೇಳುತ್ತಿದ್ದದ್ದು ಅವಳು ಶಾಲೆ ಬಿಡುವ ಮುಂಚೆ ಕೊನೆಯ ತಟ್ಟೆಯವರಿಗೆ ಕಲಿಸಿದ್ದ ಕತೆ. ಮೊದಲ ತಟ್ಟೆಯಲ್ಲಿ ಕುಳಿತು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಒಂದು ಪುಟ್ಟ ಚಪ್ಪಲಿಯನ್ನು ಮಾತ್ರ ಬೇರೆಯಾಗಿ ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಅದು ಅವಳದೇ. “ನಿನ್ನ ತಲೆಗೆ ಹತ್ತುವುದಿಲ್ಲ, ಕುಳಿತುಕೋ” ಎಂದು ಅದಕ್ಕೆ ಹೇಳಿದಳು. ಆಮೇಲೆ ಬಾಗಿಲ ಕಡೆ ಬೆನ್ನು ಮಾಡಿ ಬಗ್ಗಿ, ಕದ್ದು ಕೊಡುವಂತೆ ಸಣ್ಣ ದನಿಯಲ್ಲಿ, ಅದೇ ಕತೆಯನ್ನು ಆ ಚಪ್ಪಲಿಗೆ ದಖನಿಯಲ್ಲಿ ಹೇಳಿಕೊಟ್ಟಳು.

ತಲೆ ಎತ್ತಿ ತಿರುಗಿದಾಗ ಹೊಸ್ತಿಲಲ್ಲಿ ಮಿಸ್ ಕಂಡರು. ಹುಡುಗಿ ಕಾಲಿನಿಂದ ಚಪ್ಪಲಿಗಳನ್ನು ಚೆಲ್ಲಾಪಿಲ್ಲಿ ಮಾಡಿ ಒಳಕೋಣೆಗೆ ಓಡಿದಳು. “ನಾನ್ ಮಾಡ್ದೆ ಇದ್ದದ್ದನ್ನ ಆ ಮಗು ಚಪ್ಪಲಿಗೆ ಮಾಡ್ತಿತ್ತು” ಎನ್ನುತ್ತಾರೆ ರುಖ್ಸಾರ್. “ಅದೂ ನಾನ್ ನೋಡ್ಬಿಡ್ತೀನಿ ಅಂತ ಹೆದರ್ಕೊಂಡು.”

ಬದರುನ್ನೀಸಾ ಮಿಸ್ಸನ್ನು ಒಳಗೆ ಕರೆದು ಕೂರಿಸಿದರು, ಚಹಾವನ್ನೂ ಕೊಟ್ಟರು. ಆಮೇಲೆ ಒಂದು ಸಂಗತಿ ಹೇಳಿದರು. ತಸ್ನೀಮ್ ಒಂದನೇ ತರಗತಿಗೆ ಸೇರಿದ ಹೊಸತರಲ್ಲಿ ಒಂದು ದಿನ ಎದ್ದು ನಿಂತು ದಖನಿಯಲ್ಲಿ ಪಾಯಿಖಾನೆಗೆ ಹೋಗಬೇಕೆಂದು ಕೇಳಿದ್ದಳಂತೆ. ಮಿಸ್ ಕಿವಿಗೆ ಕೈ ಇಟ್ಟರು. ಮಗು ಮತ್ತೆ ಕೇಳಿತು. ಮಿಸ್ ಮತ್ತೆ ಕಿವುಡಿಯಾದರು, ಮಕ್ಕಳು ನಕ್ಕವು. ಕನ್ನಡದ ಮಾತು ಹುಡುಕುವಷ್ಟರಲ್ಲಿ ಮಗುವಿನ ಲಂಗ ಒದ್ದೆಯಾಯಿತು, ಆಗ ಮಕ್ಕಳು ಇನ್ನೂ ಜೋರಾಗಿ ನಕ್ಕವು. ಶಾಲೆಯಲ್ಲಿ ತಸ್ನೀಮ್ ಬಾಯಿ ತೆರೆದದ್ದು ಅದೇ ಕೊನೆ.

ರುಖ್ಸಾರ್ ಅವರಿಗೆ ಆ ದಿನ ನೆನಪೇ ಇರಲಿಲ್ಲ. ಎಷ್ಟು ತಡಕಿದರೂ ನೆನಪಾಗಲಿಲ್ಲ, ಅವರ ಪಾಲಿಗೆ ಅದು ಎಲ್ಲ ದಿನಗಳಂಥದೇ ಒಂದು ದಿನ. ಮರೆತದ್ದೇ ಎಲ್ಲಕ್ಕಿಂತ ದೊಡ್ಡ ನಾಚಿಕೆ ಎನ್ನುತ್ತಾರೆ ಅವರು. ಮಗು ಕೇಳಿದ್ದು ಅರ್ಥವಾಗದ ಟೀಚರಾಗಿದ್ದರೆ ಕ್ಷಮೆಯಾದರೂ ಇತ್ತು. ಇವರಿಗೆ ಪ್ರತಿ ಅಕ್ಷರವೂ ಅರ್ಥವಾಗಿತ್ತು. ಸ್ವಂತ ಅಮ್ಮನ ಹತ್ತಿರ ತಾವೂ ಅದೇ ಮಾತಿನಲ್ಲಿ ಅದನ್ನೇ ಕೇಳಿ ಬೆಳೆದವರು.

ಮಗುವನ್ನು ನಾಳೆಯಿಂದ ಕಳಿಸಿ ಎಂದು ಬೇಡಿದಾಗ ಬದರುನ್ನೀಸಾ ದನಿ ಏರಿಸಲಿಲ್ಲ. “ಎಲ್ಲಾರ್ ಮುಂದೆ ಹೇಳಿದ್ರಿ ಮಿಸ್, ಎಲ್ಲಾರ್ ಮುಂದೇನೇ ವಾಪಸ್ ತಗೊಳ್ಳಿ” ಎಂದರು, ಕನ್ನಡದಲ್ಲಿ. “ನಮ್ ಮಾತಲ್ಲಿ ಹೇಳ್ಬೇಕು. ನಮ್ಗೆ ನಿಮ್ ಪುಸ್ತಕದ ಕನ್ನಡ ತಿಳಿಯಲ್ಲ.” ಆ ಅಜ್ಜಿಗೆ ಕನ್ನಡ ತಿಳಿಯದೆ ಏನಿಲ್ಲ. ಆರ್.ಟಿ. ನಗರದ ಮಾರ್ಕೆಟ್ಟಿನಲ್ಲಿ ಬದುಕೆಲ್ಲ ಸೊಪ್ಪು ಮಾರಿದವರು.

ಹೆಡ್ ಮಾಸ್ಟರ್ ಮಹಾಲಿಂಗಪ್ಪನವರಿಗೆ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಬಾಗಲಕೋಟೆ ಕಡೆಯವರು, ಬೆಂಗಳೂರಿಗೆ ಬಂದ ಹೊಸತರಲ್ಲಿ ಅವರ ಮಾತನ್ನು ಸಹೋದ್ಯೋಗಿಗಳು ಅಣಕಿಸುತ್ತಿದ್ದರು. “ನಿಮ್ಮ ಆಟಾ ನಾನೂ ನೋಡೇನಿ, ನಕ್ಕೇನಿ. ತಪ್ಪಿನ್ಯಾಗ ನನಗೂ ಪಾಲು ಐತಿ ಬಿಡ್ರಿ” ಎಂದರು. ಮುಂದಿನ ಶನಿವಾರಕ್ಕೆ ಸಭೆ ಕರೆದರು.

ಆ ಶನಿವಾರ ನಾವೂ ಇದ್ದೇವೆ. ಕೋಣೆ ತುಂಬಿದೆ, ತಾಯಂದಿರು ಗೋಡೆಗೆ ಒರಗಿದ್ದಾರೆ, ಟೀಚರುಗಳು ಮುಂದಿನ ಸಾಲಿನಲ್ಲಿದ್ದಾರೆ. ತಸ್ನೀಮ್ ಅಜ್ಜಿಯ ಸೆರಗಿನ ಹಿಂದೆ ಅರ್ಧ ಅಡಗಿದ್ದಾಳೆ. ರುಖ್ಸಾರ್ ಎದ್ದು ನಿಲ್ಲುತ್ತಾರೆ. ಮೊದಲು ಅಭ್ಯಾಸಬಲದಿಂದ ಕನ್ನಡವೇ ಬಾಯಿಗೆ ಬರುತ್ತದೆ, ಅರ್ಧಕ್ಕೆ ನಿಲ್ಲಿಸುತ್ತಾರೆ. ಹಣೆಯ ಬೆವರು ಒರೆಸಿಕೊಂಡು “ಗಲ್ತಿ ಮೇರೀಚ್ ಹೈ, ಬಚ್ಚೀ ಕೀ ನೈ” ಎನ್ನುತ್ತಾರೆ. ತಪ್ಪು ನನ್ನದೇ, ಮಗುವಿನದಲ್ಲ. ಮುಂದಿನ ಸಾಲಿನ ಒಬ್ಬ ಟೀಚರು ತಟ್ಟನೆ ತಲೆ ಎತ್ತಿ ನೋಡುತ್ತಾರೆ. ಇಷ್ಟು ವರ್ಷದಲ್ಲಿ ರುಖ್ಸಾರ್ ಬಾಯಲ್ಲಿ ಈ ಭಾಷೆ ಶಾಲೆಯೊಳಗೆ ಯಾರೂ ಕೇಳಿಲ್ಲ.

ಅದೇ ಭಾಷೆಯಲ್ಲಿ ಅವರು ಕಿವುಡಾಟದ ಕತೆ ಹೇಳುತ್ತಾರೆ, ಒದ್ದೆಯಾದ ಲಂಗದ್ದನ್ನು ಮಾತ್ರ ಬಿಟ್ಟು. ಆ ಮಾನವನ್ನಾದರೂ ಮಗುವಿಗೆ ಉಳಿಸಬೇಕಲ್ಲ. ಈ ಹುಡುಗಿಗೆ ತಲೆ ಇಲ್ಲವೆಂದು ನಾನು ಹೇಳಿದ್ದು ಸುಳ್ಳು, ಅವಳು ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಮಾಡುತ್ತಾಳೆ ಎನ್ನುತ್ತಾರೆ. ಅಲ್ಲಿ ಕುಳಿತವರಿಗೂ ಒಂಥರಾ ಮುಜುಗರ, ಎಲ್ಲರೂ ನೆಲ ನೋಡುತ್ತಾರೆ. ನಮ್ಮಲ್ಲೂ ಯಾರು ಯಾವ ಮಗುವಿಗೆ ಏನು ಹೇಳಿದ್ದೇವೋ ಎಂಬ ಯೋಚನೆ ಆ ಕೋಣೆಯಲ್ಲಿ ಎಲ್ಲರಿಗೂ ಬಂದಂತಿದೆ. ಮುಬೀನ್ ಎದ್ದು, ಆಯ್ತು ಮಿಸ್, ಸೋಮವಾರದಿಂದ ಕಳಿಸುತ್ತೇನೆ ಎನ್ನುತ್ತಾರೆ. ರುಖ್ಸಾರ್ ತಾವೇ ಬದರುನ್ನೀಸಾ ಅವರ ಹತ್ತಿರ ಹೋಗಿ ಮೊದಲ ಬಾರಿಗೆ ಖಾಲಾ, ಚಿಕ್ಕಮ್ಮ ಎಂದು ಕರೆಯುತ್ತಾರೆ. ಅಜ್ಜಿ ಅವರ ತಲೆ ಸವರುತ್ತಾರೆ.

ಸೋಮವಾರ ತಸ್ನೀಮ್ ಬಂದಳು. ಕಥೆ ಇಲ್ಲಿಗೇ ಸುಖಾಂತವಾದರೆ ಬರೆಯುವ ನಮಗೂ ಅನುಕೂಲ. ತರಗತಿಯಲ್ಲಿ ಈಗ ಕಿವುಡಾಟವಿಲ್ಲ, ಹೊಸ ಕಾರ್ಡು ತೆಗೆದರೆ ಮೊದಲು ದಖನಿಯಲ್ಲಿ ಮಾತು, ಆಮೇಲೆ ಕನ್ನಡ. ಉತ್ತರ ಕರ್ನಾಟಕದ ಮಕ್ಕಳೂ ತಮ್ಮ ಮನೆಯ ಮಾತಿನಲ್ಲಿ ಹೇಳುತ್ತವೆ, ಮಿಸ್ ತಿದ್ದಲು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಾರೆ. ಗಲಾಟೆ ಜಾಸ್ತಿಯಾಗಿದೆ, ಪಾಠ ನಿಧಾನವಾಗಿದೆ. ಈ ದಾರಿ ಸರಿಯೋ ಇಲ್ಲವೋ ತಮಗಿನ್ನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ.

ತಸ್ನೀಮ್ ಬಂದ ದಿನ ಅವರು ಅವಳ ಮುಂದೆ ಮಂಡಿಯೂರಿ ಕುಳಿತು, ನಿನಗೆ ಇಷ್ಟವಾದ ತಟ್ಟೆಯಲ್ಲಿ ಕೂರು ಎಂದು ದಖನಿಯಲ್ಲಿ ಹೇಳಿದರು. ಹುಡುಗಿ ಕೋಣೆಯನ್ನೊಮ್ಮೆ ನೋಡಿದಳು. ಚೀಲ ಎತ್ತಿಕೊಂಡು ನೇರವಾಗಿ ಮೊದಲ ತಟ್ಟೆಗೆ ಹೋಗಿ, ಚಿಕ್ಕ ಮಕ್ಕಳ ನಡುವೆ ತನ್ನ ಹಳೆಯ ಜಾಗದಲ್ಲಿ ಕುಳಿತಳು. ಈಗಲೂ ಅಲ್ಲೇ ಕೂರುತ್ತಾಳೆ. ಬೇರೆ ಕಡೆ ಕರೆದರೆ ತಲೆ ಅಲ್ಲಾಡಿಸುತ್ತಾಳೆ. ಇನ್ನೂ ಮಾತಾಡಿಲ್ಲ.

ಈ ಪುಟಕ್ಕೆ ಫೋಟೋ ಬೇಕೆಂದಾಗ ರುಖ್ಸಾರ್ ಕೈ ಮುಗಿದರು. ಶಾಲೆಯ ಹೆಸರು ಹಾಕಬೇಡಿ, ನನ್ನನ್ನು ಒಳ್ಳೆಯವಳೆಂದು ಬರೆಯಬೇಡಿ ಎಂದರು. ನಿಮಗೇನು ಬೇಕು ಎಂದು ಕೇಳಿದ್ದಕ್ಕೆ ಮೊದಲ ತಟ್ಟೆಯ ಕಡೆ ತಿರುಗಿದರು.

“ಅವ್ಳು ನನ್ ಮೇಲೆ ಒಂದ್ಸಲ ಕೋಪ ಮಾಡ್ಕೊಳ್ಳಿ, ಅಷ್ಟು ಸಾಕು” ಎಂದರು. “ಖಾಲಾ ಕ್ಷಮಿಸಿದ್ರು, ಅವ್ರಪ್ಪಾನೂ ಕ್ಷಮಿಸಿದ್ರು. ಇವ್ಳಿಗೆ ನನ್ ಮೇಲೆ ಕೋಪಾನೇ ಇಲ್ಲ. ಇವ್ಳು ನಾನ್ ಹೇಳಿದ್ದು ನಿಜ ಅಂತ ನಂಬ್ಕೊಂಡ್ಬಿಟ್ಟಿದಾಳೆ.”