ಬಾಲಕ್ಕೆ ಸರಿಸಿದ ಟ್ಯಾಂಕು

ನನ್ನ ಗಂಡನಿಗೆ ಕಾಲುವೆಯ ಗೇಟಿನ ಕೆಲಸ. ಶಹಾಪುರದ ಹೊರಗೆ, ಕಾಲುವೆಯ ಮಗ್ಗುಲಿಗೇ ಇರುವ ಕ್ವಾರ್ಟರ್ಸಿನಲ್ಲಿ ನಮ್ಮ ಸಂಸಾರ. ನಾನು ಹತ್ತಿರದ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಗಂಡ ಸಂಜೆ ಮನೆಯಲ್ಲಿರುವುದಿಲ್ಲ. ಬಾಗಿಲು ತೆರೆದಿಟ್ಟರೆ ಭತ್ತದ ಗದ್ದೆಗಳ ಕಡೆಯಿಂದ ಸೊಳ್ಳೆಯ ಹಿಂಡು, ಅದರ ಬೆನ್ನಿಗೆ ಬೆಳೆಗೆ ಹೊಡೆದ ಔಷಧದ ಘಾಟು. ಬಾಗಿಲು ಹಾಕಿಕೊಂಡು ಕೂತರೆ ಮಾಡುವುದೇನು? ಶಾಲೆಯ ಕೆಲಸಕ್ಕೆಂದು ಕೊಂಡಿದ್ದ ಕಂಪ್ಯೂಟರಿನಲ್ಲಿ ನಾನು ವಿಮಾನ ಹಾರಿಸುವ ಆಟ ಕಲಿತದ್ದು ಹೀಗೆ.

ಆ ಆಟದಲ್ಲಿ ಬರೀ ಹಾರಿಸುವುದಲ್ಲ, ವಿಮಾನವನ್ನು ಆಡುವವರೇ ಕಟ್ಟಬೇಕು. ರೆಕ್ಕೆ, ಬಾಲ, ಎಂಜಿನ್, ಗಾಲಿ, ಟ್ಯಾಂಕು ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಜೋಡಿಸಿ ಮುಗಿದ ಮೇಲೆ ಎಲ್ಲರಿಗೂ ಕಾಣುವಂತೆ ಇಡಬಹುದು. ಬೇರೆಯವರು ಅದನ್ನು ಇಳಿಸಿಕೊಂಡು ಹಾರಿಸಿ, ಹೇಗಿದೆಯೆಂದು ಕೆಳಗೆ ಬರೆಯುತ್ತಾರೆ. ತೂಕ, ಗಾಳಿ, ವೇಗ ಎಲ್ಲವೂ ನಿಜದ ಹಾಗೆಯೇ ಲೆಕ್ಕವಾಗುವುದರಿಂದ, ತಪ್ಪಾಗಿ ಕಟ್ಟಿದ ವಿಮಾನ ಬಿದ್ದೇ ಬೀಳುತ್ತದೆ. ನನಗೆ ಕಟ್ಟುವುದಕ್ಕಿಂತ ಬೇರೆಯವರು ಕಟ್ಟಿದ್ದನ್ನು ಹಾರಿಸಿ, ಯಾಕೆ ಬಿತ್ತು ಎಂದು ಹುಡುಕಿ ಬರೆಯುವುದರಲ್ಲೇ ರುಚಿ ಹತ್ತಿತು.

ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಕನ್ನಡದವರದೇ ಒಂದು ಗುಂಪು ಅಲ್ಲಿತ್ತು. ಸೇರಿದ ಹೊಸದರಲ್ಲೇ ನನಗೆ ಅದರ ಮೇಲೆ ಅಸಹ್ಯ ಬಂತು. ಯಾರಾದರೂ ವಿಮಾನ ಇಟ್ಟರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ‘ಸೂಪರ್ ಗುರು’, ‘ಬೆಂಕಿ’, ‘ನಿನ್ನ ಮೀರಿಸೋರಿಲ್ಲ’. ಅದನ್ನು ಇಳಿಸಿಕೊಂಡು ರನ್‌ವೇ ಮೇಲೆ ನಿಲ್ಲಿಸುವಷ್ಟು ಹೊತ್ತೂ ಆಗಿರುವುದಿಲ್ಲ. ಇವತ್ತು ನನ್ನದನ್ನು ನೀನು ಹೊಗಳು, ನಾಳೆ ನಿನ್ನದನ್ನು ನಾನು ಹೊಗಳುತ್ತೇನೆ ಎಂಬ ವ್ಯವಹಾರ. ಒಮ್ಮೆ ಒಬ್ಬಾತ ಮಿರಮಿರ ಮಿಂಚುವ ದೊಡ್ಡ ವಿಮಾನ ಇಟ್ಟಿದ್ದ. ಒಳಗೆ ನೋಡಿದರೆ ಎಲ್ಲ ಭಾಗಗಳ ತೂಕವನ್ನೂ ಸೊನ್ನೆ ಮಾಡಿಟ್ಟಿದ್ದಾನೆ! ತೂಕವೇ ಇಲ್ಲದ್ದು ಹಾರದೆ ಇನ್ನೇನು ಮಾಡೀತು? ಬೆಳ್ಳಿಹಾಳೆ ಹಚ್ಚಿದ ಹಳಸಿದ ಮಿಠಾಯಿ ಬಾಯಿಗಿಟ್ಟಂತಾಯಿತು ನನಗೆ. ಹಾಗೆಂದೇ ಬರೆದೆ. ಯಾರೂ ಉತ್ತರ ಕೊಡಲಿಲ್ಲ. ಕೆಳಗೆ ಮತ್ತೆ ‘ಸೂಪರ್’ಗಳ ಸಾಲು ಬೆಳೆಯುತ್ತ ಹೋಯಿತು.

ನಾನು ಬೆಳೆದ ಮನೆ ಅಂಥದಲ್ಲ. ನನ್ನ ತವರೂರು ಕೊಂಕಲ್‌ನಲ್ಲಿ ನಮ್ಮದು ಬೌದ್ಧರ ಕುಟುಂಬ. ಅಪ್ಪ ಕೂಲಿ ಮಾಡಿಕೊಂಡಿದ್ದವರು. ಹುಣ್ಣಿಮೆಯ ದಿನ ವಂದನೆ ಮುಗಿದ ಮೇಲೆ ವಿಹಾರದ ಕಟ್ಟೆಯ ಮೇಲೆ ಕೂತು ಓಣಿಯವರೆಲ್ಲ ವಾದಕ್ಕಿಳಿಯುತ್ತಿದ್ದರು. ಅಪ್ಪ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. “ದೊಡ್ಡವ್ರು ಹೇಳ್ಯಾರಂತ ಹೂಂ ಅನಬ್ಯಾಡವ್ವಾ. ಖರೇ ಅನಿಸಿದ್ರ ಹೂಂ ಅನ್ನು, ಇಲ್ಲಂದ್ರ ಎದುರು ಕೇಳು” ಎನ್ನುತ್ತಿದ್ದರು. ಜಗಳವಾಡಿದಷ್ಟು ಜೋರಾಗಿ ವಾದಿಸಿದವರು ಆಮೇಲೆ ಒಟ್ಟಿಗೇ ಕೂತು ಉಣ್ಣುತ್ತಿದ್ದರು. ಎದುರು ಮಾತಾಡುವುದೆಂದರೆ ಮರ್ಯಾದೆ ಕೊಡುವುದು ಎಂದೇ ನಾನು ತಿಳಿದುಕೊಂಡಿದ್ದೆ.

ಆ ಗುಂಪನ್ನು ಅಂದೇ ಬಿಟ್ಟುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಸುರಪುರದವನೊಬ್ಬನ ವಿಮಾನ ಕಣ್ಣಿಗೆ ಬಿತ್ತು. ಅವನು ಅಲ್ಲಿನ ಒಂದು ಗೊಬ್ಬರ, ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೊಲಕ್ಕೆ ಮೇಲಿನಿಂದ ಔಷಧ ಹೊಡೆಯುವ ವಿಮಾನ ಕಟ್ಟುವುದೇ ಅವನ ಹುಚ್ಚು. ನೋಡಲು ಕುರೂಪಿ, ಬಣ್ಣವೂ ಇಲ್ಲ. ಆದರೆ ಹೊಟ್ಟೆಯಲ್ಲಿ ದೊಡ್ಡ ಟ್ಯಾಂಕು, ರೆಕ್ಕೆಯ ಉದ್ದಕ್ಕೂ ಸಿಂಪಡಿಸುವ ನಳಿಕೆ, ಎಲ್ಲವನ್ನೂ ಯೋಚಿಸಿ ಇಟ್ಟಿದ್ದ. ನಾನು ಹಾರಿಸಿ ನೋಡಿ, ‘ಗಾಲಿಗಳು ಇಷ್ಟು ದೊಡ್ಡವು ಯಾಕೆ? ಗಾಳಿಗೆ ಅಡ್ಡವಾಗಿ ವೇಗ ತಿನ್ನುತ್ತವೆ’ ಎಂದು ಬರೆದೆ.

ತಕ್ಷಣ ಉತ್ತರ ಬಂತು. “ಅಣ್ಣಾರ, ನೀವು ಡಾಂಬರದ ಮ್ಯಾಲ ಇಳಿಸಿ ಮಾತಾಡಾಕತ್ತೀರಿ. ನಮ್ಮ ಎರಿ ಹೊಲದಾಗ ಇಳಿಸಿ ನೋಡ್ರಿ. ಸಣ್ಣ ಗಾಲಿ ಅರ್ಧ ಹೂತು ಹೋಗ್ತದ.”

ಎರೆ ಹೊಲದಂಥದೇ ಹಸಿ ಕಪ್ಪುಮಣ್ಣಿನ ನೆಲ ಆರಿಸಿಕೊಂಡು ಇಳಿಸಿದೆ. ಅವನು ಹೇಳಿದ್ದೇ ಸರಿ. ‘ನನ್ನದು ತಪ್ಪು. ಆದರೆ ಟ್ಯಾಂಕು ರೆಕ್ಕೆಗಿಂತ ಹಿಂದಿದೆ. ತುಂಬಿದಾಗ ಬಾಲ ಭಾರವಾಗುತ್ತದೆ’ ಎಂದೆ. ಅವನು ಅದನ್ನು ಒಪ್ಪಲು ವಾರ ತೆಗೆದುಕೊಂಡ. ಅರ್ಧ ತುಂಬಿ ಹಾರಿಸಿ ನೋಡಿ ಎಂದ, ಪೂರ್ತಿ ತುಂಬಿ ನೋಡಿ ಎಂದ, ನಿಮ್ಮ ಕೈ ಸರಿಯಿಲ್ಲ ಎಂದ. ಕೊನೆಗೆ ಟ್ಯಾಂಕನ್ನು ರೆಕ್ಕೆಯ ನಡುವಿಗೇ ತಂದು, “ಅಣ್ಣಾರ, ನೀವು ಗೆದ್ರಿ. ಬರೋಬ್ಬರಿ ಕುಂತದ ಈಗ” ಎಂದು ಬರೆದ. ಅಷ್ಟು ಸಂತೋಷ ನನಗೆ ಸಂಬಳ ಹೆಚ್ಚಾದಾಗಲೂ ಆಗಿರಲಿಲ್ಲ.

ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಅವನು ಕಟ್ಟುತ್ತಿದ್ದ, ನಾನು ಬೀಳಿಸುತ್ತಿದ್ದೆ, ಇಬ್ಬರೂ ಕಚ್ಚಾಡುತ್ತಿದ್ದೆವು. ಆಟದಲ್ಲಿ ನಾನು ಇಟ್ಟುಕೊಂಡದ್ದು ಒಂದು ಹಕ್ಕಿಯ ಹೆಸರು. ಕನ್ನಡದಲ್ಲಿ ‘ಹಾರಿಸಿದೆ, ನೋಡಿದೆ, ಬಿತ್ತು’ ಎಂದರೆ ಹೇಳಿದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲವಲ್ಲ. ಅವನು ಅಣ್ಣಾರ ಎಂದುಕೊಂಡ. ನಾನು ತಿದ್ದಲು ಹೋಗಲಿಲ್ಲ. ಅಲ್ಲಿ ತಿದ್ದಬೇಕಾದದ್ದು ವಿಮಾನ.

ಒಂದು ಭಾನುವಾರ ಸಂಜೆ ಗುಂಪಿನವರೆಲ್ಲ ಒಟ್ಟಿಗೆ ಹಾರಿಸುವುದೆಂದು ನಿಶ್ಚಯವಾಯಿತು. ಅಂಥ ಹೊತ್ತಿನಲ್ಲಿ ಎಲ್ಲರೂ ಮೈಕಿನಲ್ಲಿ ಮಾತಾಡಿಕೊಳ್ಳುತ್ತಾರೆ. ನಾನು ಕೇಳಿಸಿಕೊಳ್ಳುತ್ತಿದ್ದೆ ಅಷ್ಟೆ. ಸುರಪುರದವನು ಹೊಸ ವಿಮಾನ ತಂದಿದ್ದ. ನನ್ನ ಮುಂದೆಯೇ ಹಾರುತ್ತಿದ್ದವನು ತಿರುವಿನಲ್ಲಿ ವೇಗ ಕಳೆದುಕೊಂಡ. ಎಡರೆಕ್ಕೆ ವಾಲತೊಡಗಿತು. ಬರೆದು ತಿಳಿಸುವಷ್ಟು ಹೊತ್ತಿರಲಿಲ್ಲ. ಮೈಕು ಒತ್ತಿ, “ಎಡಗಡಿ ರೆಕ್ಕಿ ವಾಲಾಕತ್ತದ್ರಿ! ಮೂತಿ ಕೆಳಗ ಮಾಡ್ರಿ, ಜಲ್ದಿ!” ಎಂದು ಕೂಗಿದೆ.

ಅವನು ಮೂತಿ ಇಳಿಸಲಿಲ್ಲ. ವಿಮಾನ ತಿರುಗುತ್ತ ಹೋಗಿ ನೆಲಕ್ಕೆ ಅಪ್ಪಳಿಸಿತು. ಆಮೇಲೆ ರಾಯಚೂರಿನವನೊಬ್ಬ ಕೇಳಿದ: “ಯಾರ್ರೀ ಅದು? ಅಣ್ಣಾರ ಮನ್ಯಾಗ ಅಕ್ಕಾರೇನ್ರಿ?”

“ಅಣ್ಣಾರು ಯಾರೂ ಇಲ್ರಿ. ನಾನೇ” ಎಂದೆ.

“ಅಂದ್ರ ಇಷ್ಟ ದಿನ ಬರೀತಿದ್ದವ್ರು?”

“ನಾನೇ ರೀ.”

ಯಾರೋ ಕಿಸಕ್ಕನೆ ನಕ್ಕರು. ಸುರಪುರದವನು ಬಹಳ ಮೆತ್ತಗೆ, “ಹಂಗೇನ್ರಿ ಮೇಡಂ. ಗೊತ್ತಿರಲಿಲ್ಲ, ತಪ್ಪಾಯ್ತು” ಎಂದ. ಯಾವ ತಪ್ಪಿಗೆ ಕ್ಷಮೆ ಕೇಳುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ.

ಮರುದಿನದಿಂದ ನನ್ನ ಮಾತಿನ ಕೆಳಗೆ ಗುಲಾಬಿ ಹೂಗಳು, ಕೈಮುಗಿಯುವ ಚಿತ್ರಗಳು ಬೀಳತೊಡಗಿದವು. ಯಾರ ರೆಕ್ಕೆ ಸೊಟ್ಟಗಿದೆ ಎಂದು ಬರೆದರೂ ‘ಥ್ಯಾಂಕ್ಸ್ ಅಕ್ಕ, ಎಷ್ಟು ಚಂದ ಹೇಳಿದ್ರಿ’. ರೆಕ್ಕೆ ಮಾತ್ರ ಸೊಟ್ಟಗೇ ಇರುತ್ತಿತ್ತು. ಕೆಲವರು ಖಾಸಗಿಯಾಗಿ ಬರೆದು, ಊಟ ಆಯ್ತಾ, ಮದುವೆ ಆಗಿದೆಯಾ, ಒಂದು ಫೋಟೋ ಹಾಕಿ ಎಂದರು. ಅವರನ್ನು ಒಬ್ಬೊಬ್ಬರನ್ನಾಗಿ ಬ್ಲಾಕ್ ಮಾಡಿದೆ. ಅವರ ಹೇಸಿಗೆ ನನಗೆ ಹೊಸದಾಗಿರಲಿಲ್ಲ. ಯಾದಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಯಾವ ಹೆಂಗಸಿಗೂ ಅದು ಗೊತ್ತಿರುವುದೇ.

ಸುರಪುರದವನು ಅಂಥವನಲ್ಲ. ಒಂದು ಕೆಟ್ಟ ಮಾತನ್ನೂ ಬರೆಯಲಿಲ್ಲ. ಆದರೆ ಒಂದು ಮಾತಿಗೂ ಎದುರು ಬರೆಯಲಿಲ್ಲ. ಬಾಲ ಚಿಕ್ಕದಾಯಿತು ಎಂದರೆ “ಹೌದ್ರಿ ಮೇಡಂ”. ಇಲ್ಲ, ಬಾಲ ಸರಿಯಿದೆ, ರೆಕ್ಕೆಯೇ ದೊಡ್ಡದು ಎಂದರೆ “ಹೌದ್ರಿ ಮೇಡಂ, ಖರೇ ಹೇಳಿದ್ರಿ”. ಬೆಲ್ಲದ ಪಾಕದಲ್ಲಿ ಕೈ ಅದ್ದಿಕೊಂಡಂತೆ ಆಗುತ್ತಿತ್ತು ನನಗೆ. ಎಷ್ಟು ತೊಳೆದರೂ ಅಂಟು ಹೋಗದು.

ಒಂದು ಸಂಜೆ ರೇಗಿಹೋಗಿ, ಅವನ ಹೊಸ ವಿಮಾನದ ಕೆಳಗೆ ಬೇಕೆಂದೇ ಒಂದು ಮೂರ್ಖ ಮಾತು ಬರೆದೆ: ‘ಟ್ಯಾಂಕು ನಡುವೆ ಇದ್ದರೆ ಚೆನ್ನಾಗಿಲ್ಲ. ಪೂರ್ತಿ ಬಾಲದ ಹತ್ತಿರ ಸರಿಸಿ.’ ನಮ್ಮ ಎಂಟನೇ ತರಗತಿಯ ಮಕ್ಕಳೂ ನಗುವ ಮಾತು. ಅವನಂತೂ ಇದೇ ಟ್ಯಾಂಕಿನ ವಿಷಯಕ್ಕೆ ವಾರವಿಡೀ ನನ್ನ ಜೊತೆ ಹೊಡೆದಾಡಿದವನು. ಈಗಲಾದರೂ ಉರಿದು ಬೀಳುತ್ತಾನೆ, ‘ಮೇಡಂ, ನಿಮಗ ತಲಿ ಕೆಟ್ಟದೇನ್ರಿ’ ಎಂದಾದರೂ ಬರೆಯುತ್ತಾನೆ ಎಂದು ಕಾದೆ.

ಮರುದಿನ ಅವನು ಟ್ಯಾಂಕನ್ನು ಬಾಲಕ್ಕೆ ಸರಿಸಿ ವಿಮಾನವನ್ನು ಮತ್ತೆ ಇಟ್ಟಿದ್ದ. ಕೆಳಗೆ, “ನೀವು ಹೇಳಿದಂಗ ಮಾಡೀನ್ರಿ ಮೇಡಂ. ಭಾಳ ಛಲೋ ಆಗ್ಯದ” ಎಂದು ಬರೆದು ಒಂದು ಗುಲಾಬಿ ಹೂ. ಇಳಿಸಿಕೊಂಡು ಹಾರಿಸಿದೆ. ರನ್‌ವೇ ಮೇಲೆಯೇ ವಿಮಾನ ಮೂತಿ ಎತ್ತಿ ಬಾಲದ ಮೇಲೆ ಕುಕ್ಕರಿಸಿತು. ವೇಗ ಹೆಚ್ಚಿಸಿದರೆ ಕುದುರೆಯ ಹಾಗೆ ಎದ್ದು ನಿಂತು, ಬೆನ್ನ ಮೇಲೆ ಬಿದ್ದು ಚೂರುಚೂರಾಯಿತು.

ಅದಾದ ಸ್ವಲ್ಪ ದಿನಕ್ಕೆ ಅವನು ಅಂಗಡಿಯ ಮಾಲು ತರಲು ಶಹಾಪುರಕ್ಕೆ ಬರುವುದಿದೆ, ಮನೆಗೆ ಬಂದು ಹೋಗಲೇ ಎಂದು ಕೇಳಿದ. ಬನ್ನಿ ಎಂದೆ. ಕಾಲುವೆಗೆ ನೀರು ನಿಲ್ಲಿಸಿದ್ದರಿಂದ ಆ ವಾರ ಗಂಡನೂ ಮನೆಯಲ್ಲಿದ್ದ. ಬಂದವನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡ, ಬಿಳಿ ಅಂಗಿಯ, ಮೂವತ್ತರ ಆಚೀಚೆಯ ಮನುಷ್ಯ. ಕೈಯಲ್ಲಿ ಸಿಹಿತಿಂಡಿಯ ಡಬ್ಬಿ. ಅದನ್ನು ನನ್ನ ಗಂಡನ ಕೈಗೆ ಕೊಟ್ಟು, ಕುರ್ಚಿಯ ತುದಿಗೆ ಕೂತ.

“ಮೇಡಂ ಭಾಳ ಶಾಣ್ಯಾ ಅದಾರ್ರಿ ಸರ್” ಎಂದ. ಆಮೇಲೆ ಎಂಜಿನ್ನಿನ ವಿಷಯ, ರೆಕ್ಕೆಯ ವಿಷಯ, ಎಲ್ಲವನ್ನೂ ನನ್ನ ಗಂಡನಿಗೇ ಹೇಳತೊಡಗಿದ. ನಾನು ಎದುರಿಗೇ ಕೂತಿದ್ದೆ.

ಗಂಡ ಕೇಳುವಷ್ಟು ಕೇಳಿ, “ನಂಗ ಗೇಟ್ ಎತ್ತೂದು ಇಳಸೂದು ಗೊತ್ತ್ರಿ. ಇಮಾನದ್ದೇನಿದ್ರೂ ಆಕಿಗೇ ಹೇಳ್ರಿ” ಎಂದ.

ನಾನು ನೇರವಾಗಿ ಕೇಳಿದೆ: “ಟ್ಯಾಂಕ್ ಹಿಂದಕ ಸರಿಸೀರಲ್ಲ, ಹಾರಿಸಿ ನೋಡೀರೇನು?”

“ನೋಡೀನ್ರಿ ಮೇಡಂ.”

“ಹಾರ್ತದೇನು?”

ಅವನು ನನ್ನ ಗಂಡನ ಕಡೆ ನೋಡಿ ನಕ್ಕ. “ಮೂತಿ ಎತ್ತಿ ಬೀಳ್ತದ್ರಿ.”

“ಹಂಗಾದ್ರ ಛಲೋ ಆಗ್ಯದಂತ ಯಾಕ ಬರದ್ರಿ?”

“ನೀವು ಹೇಳಿದ್ರಲ್ರಿ.”

“ನಾ ಹೇಳಿದ್ದು ತಪ್ಪಂತ ಗೊತ್ತಿತ್ತೇನು?”

“ಓದಿದ ಕೂಡ್ಲೇ ಗೊತ್ತಾಯ್ತ್ರಿ” ಎಂದ ಅವನು, ಸ್ವಲ್ಪವೂ ಅಳುಕದೆ. “ಆದ್ರ ಹೆಣ್ಣಮಕ್ಕಳ ಜೋಡಿ ಏನ್ ವಾದ ಮಾಡೂದು ಬಿಡ್ರಿ ಮೇಡಂ. ನಿಮಗ ಬ್ಯಾಸರಾದ್ರ?”

ಅವನಿಗೆ ತಿಳಿದಿರಲಿಲ್ಲ ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಗೊತ್ತಿದ್ದೂ ತನ್ನ ಕೈಯಾರೆ ಕಟ್ಟಿದ ಒಳ್ಳೆಯ ವಿಮಾನವನ್ನು ಕೆಡಿಸಿ, ಅದರ ಮೇಲೆ ಹೂವಿಟ್ಟು ನನ್ನ ಮುಂದೆ ಹಿಡಿದಿದ್ದ. ಅಳುವ ಮಗುವಿನ ಕೈಗೆ ಆಟಿಕೆ ಕೊಡುವ ಹಾಗೆ.

“ಬೇಕಂತಲೇ ತಪ್ಪು ಬರದಿದ್ದೆ. ನೀವು ಬೈತೀರೇನಂತ ನೋಡಾಕ” ಎಂದೆ.

“ಅಯ್ಯ, ಹೋಗ್ಲಿ ಬಿಡ್ರಿ. ನಾ ಯಾಕ ಬೈಲಿ ನಿಮಗ” ಎಂದು ನನ್ನನ್ನು ಕ್ಷಮಿಸಿದವನಂತೆ ಮುಗುಳ್ನಕ್ಕ. ಚಹಾ ಕುಡಿದು, ಇಬ್ಬರಿಗೂ ಕೈಮುಗಿದು ಹೋದ.

ಗಂಡ ಡಬ್ಬಿ ಬಿಚ್ಚುತ್ತ, “ಬಂಗಾರದಂಥಾ ಮನುಷ್ಯಾ ಅದಾನ. ನಿನಗ್ಯಾಕ ಇಷ್ಟು ಸಿಟ್ಟು?” ಎಂದು ಕೇಳಿದ.

“ಸಿಟ್ಟಲ್ಲ, ಹೇಸಿಗಿ” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಳ್ಳೆಯ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿದರೆ ಅದನ್ನು ಯಾರಿಗೂ ಹೇಳಿ ತಿಳಿಸಲಾಗುವುದಿಲ್ಲ. ಡಬ್ಬಿಯನ್ನು ಪಕ್ಕದ ಕ್ವಾರ್ಟರ್ಸಿನವರಿಗೆ ಕೊಟ್ಟುಬಂದೆ.

ಮರುದಿನ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದೆ: ‘ಟ್ಯಾಂಕು ಬಾಲಕ್ಕೆ ಸರಿಸಿ ಎಂದು ನಾನು ಹೇಳಿದ್ದು ಶುದ್ಧ ತಪ್ಪು. ಬೇಕೆಂದೇ ಬರೆದದ್ದು. ಇಷ್ಟು ಜನ ಓದಿದಿರಿ, ಒಬ್ಬರೂ ಯಾಕೆ ತಪ್ಪು ಎನ್ನಲಿಲ್ಲ?’ ಸಂಜೆ ತೆರೆದು ನೋಡಿದರೆ, ‘ಎಷ್ಟು ದೊಡ್ಡ ಮನಸ್ಸು ಅಕ್ಕ’, ‘ತಪ್ಪು ಒಪ್ಪಿಕೊಳ್ಳೋಕೂ ಧೈರ್ಯ ಬೇಕು’, ‘ಹ್ಯಾಟ್ಸಾಫ್’. ಸುರಪುರದವನದೂ ಒಂದು ಗುಲಾಬಿ ಹೂ. ಪ್ರಶ್ನೆಗೆ ಉತ್ತರ ಒಬ್ಬರದೂ ಇಲ್ಲ. ಉಗುಳಬೇಕೆನಿಸಿತು. ಗುಂಪಿನಿಂದ ಹೊರಗೆ ಬಂದೆ.

ಆಮೇಲೆ ಅದೇ ಆಟದ, ಎಲ್ಲ ದೇಶದವರೂ ಬರೆಯುವ ದೊಡ್ಡ ಅಂಗಳದಲ್ಲಿ, ನನ್ನ ಅರೆಬರೆ ಇಂಗ್ಲಿಷಿನಲ್ಲೇ ಬರೆಯತೊಡಗಿದೆ. ಹೆಸರು ಬದಲಿಸಲಿಲ್ಲ. ಹೆಂಗಸು, ಗಣಿತದ ಟೀಚರ್ ಎಂದು ಪರಿಚಯದಲ್ಲೇ ಹಾಕಿಕೊಂಡೆ. ಅಲ್ಲಿಯೂ ಸುಳ್ಳು ಹೊಗಳಿಕೆಗೆ ಬರವಿಲ್ಲ, ಫೋಟೋ ಕೇಳುವವರಿಗೂ ಬರವಿಲ್ಲ. ಬಹಳ ದಿನ ನನ್ನ ಮಾತಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೊಮ್ಮೆ ಯಾವ ದೇಶದವನೋ ಗೊತ್ತಿಲ್ಲ, ಒಬ್ಬ ನೀರಿನ ಮೇಲೆ ಇಳಿಯುವ ವಿಮಾನ ಇಟ್ಟಿದ್ದ. ಅದರ ಎಂಜಿನ್ ತೀರ ಎತ್ತರದಲ್ಲಿದೆ ಎಂದು ಬರೆದೆ. ಅವನು ಉದ್ದಕ್ಕೆ ಉತ್ತರ ಕೊಟ್ಟ. ಕೆಳಗಿಳಿಸಿದರೆ ನೀರು ಸಿಡಿದು ಎಂಜಿನ್ನಿನ ಫ್ಯಾನಿಗೆ ಬಡಿಯುತ್ತದೆ, ಟೀಚರ್ ಆದ ನಿಮಗೆ ಇಷ್ಟೂ ಹೊಳೆಯಲಿಲ್ಲವೇ, ಮೊದಲು ನೀರಿನ ಮೇಲೆ ಇಳಿಸಿ ನೋಡಿ ಎಂದು. ಇಳಿಸಿ ನೋಡಿದೆ. ಅವನದೇ ಸರಿಯಿತ್ತು. ಈ ಮಾತನ್ನು ಸುರಪುರದವನು ಹೇಳಿದ್ದರೆ ಎಂದು ಒಂದು ಗಳಿಗೆ ಅನಿಸದೆ ಇರಲಿಲ್ಲ.

ಡ್ಯೂಟಿ ಮುಗಿಸಿ ಬಂದ ಗಂಡ ಬಾಗಿಲಲ್ಲಿ ನಿಂತು ಕೇಳಿದ: “ಒಬ್ಬಾಕಿನೇ ಯಾಕ ನಗಾಕತ್ತಿ?”

“ಒಬ್ಬವ ಬೈದಾನ.”

“ಬೈದ್ರ ನಗ್ತಾರೇನು?”

“ಲೆಕ್ಕ ಹಾಕಿ ಬೈದಾನ.”

ಅವನು ಕಾಲಿನ ಕೆಸರು ತೊಳೆದುಕೊಳ್ಳಲು ಹಿತ್ತಲಿಗೆ ಹೋದ. ನಾನು ‘ನನ್ನದು ತಪ್ಪು’ ಎಂದು ಬರೆದು, ಅದರ ಕೆಳಗೆ ಆ ನೀರಿನ ವಿಮಾನದ ಇನ್ನೊಂದು ದೋಷ ಬರೆಯಲು ಕೂತೆ.